ಪುಡಿಯೊಳಗಿನ ಸಾಲುಗಳು

ಗುಬ್ಬಿಯಿಂದ ತಿಪಟೂರಿನ ಕಡೆಗೆ ಸಾಗುವ ರೈಲು ಸಂಪಿಗೆ ರೋಡ್ ನಿಲ್ದಾಣವನ್ನು ದಾಟಿದ ಮೇಲೆ ತೆಂಗಿನ ತೋಟಗಳು ಬಹುದೂರ ಅದರ ಜೊತೆಯಲ್ಲೇ ಬರುತ್ತವೆ. ಕಿಟಕಿಯ ಬಳಿ ಕುಳಿತು ನೋಡುವವರಿಗೆ ತೋಟವು ಮೊದಲು ಬರಿಯ ಬೊಡ್ಡೆಗಳ ಗೊಂದಲವಾಗಿ ಕಾಣುತ್ತದೆ. ನೋಟ ಸ್ವಲ್ಪ ತಿರುಗಿದೊಡನೆ ಆ ಗೊಂದಲ ಬಿಚ್ಚಿಕೊಂಡು, ಈ ಬದುವಿನಿಂದ ಆ ಬದುವಿನವರೆಗೆ ನೇರವಾದ ಓಣಿಯೊಂದು ತೆರೆಯುತ್ತದೆ, ಮರುಕ್ಷಣವೇ ಮುಚ್ಚಿಕೊಳ್ಳುತ್ತದೆ. ಮತ್ತೊಂದು ಕೋನದಲ್ಲಿ ಓರೆಯಾದ ಇನ್ನೊಂದು ಓಣಿ ಕಾಣುತ್ತದೆ. ಆ ಓರೆ ಸಾಲನ್ನು ಯಾರೂ ಬೇಕೆಂದು ನೆಟ್ಟದ್ದಲ್ಲ. ರೈತನು ಹಗ್ಗ ಹಿಡಿದದ್ದು ಉದ್ದಕ್ಕೆ ಮತ್ತು ಅಡ್ಡಕ್ಕೆ ಮಾತ್ರ. ಸಮನಾದ ಅಂತರದಲ್ಲಿ ಗುಂಡಿ ತೆಗೆದುದರಿಂದ ಓರೆಯ ಸಾಲುಗಳು ತಾವಾಗಿಯೇ ಒದಗಿಬಂದುವು.

ತೆಂಗನ್ನು ಚೌಕಾಕಾರದಲ್ಲಿ ನೆಡುವುದುಂಟು, ತ್ರಿಕೋನಾಕಾರದಲ್ಲಿ ನೆಡುವುದೂ ಉಂಟು. ಮರ ಅದೇ, ಕಾಯಿ ಅದೇ. ನೆಟ್ಟ ಕ್ರಮ ಮಾತ್ರ ಬೇರೆ. ಚೌಕದ ತೋಟದಲ್ಲಿ ಓಣಿಗಳು ತೆರೆಯುವ ಕೋನಗಳು ಒಂದು ಬಗೆಯವು, ತ್ರಿಕೋನದ ತೋಟದಲ್ಲಿ ಮತ್ತೊಂದು ಬಗೆಯವು. ಆದುದರಿಂದ ತೋಟದೊಳಕ್ಕೆ ಕಾಲಿಡದೆ, ಯಾವ ಯಾವ ಕೋನದಲ್ಲಿ ಓಣಿಗಳು ಕಂಡುವೆಂಬುದನ್ನಷ್ಟೆ ಗಮನಿಸಿ, ಅದನ್ನು ಯಾವ ಕ್ರಮದಲ್ಲಿ ನೆಟ್ಟಿದ್ದಾರೆಂದು ಹೇಳಬಹುದು. ಔಷಧಗಳ ಪರೀಕ್ಷಾಲಯದಲ್ಲಿ ಚಿಟಿಕೆ ಬಿಳಿಯ ಪುಡಿಯನ್ನು ಮುಂದಿಟ್ಟುಕೊಂಡು ವಿಜ್ಞಾನಿಗಳು ಮಾಡುವ ಕೆಲಸವೂ ಬಹುಮಟ್ಟಿಗೆ ಇದೇ ಆಗಿದೆ.

ಉಪ್ಪು, ಸಕ್ಕರೆ, ಪಟಿಕ, ಮೈಲುತುತ್ತ ಇವೆಲ್ಲ ಹರಳುಗಳು. ಹರಳಿನಲ್ಲಿ ಅಣುಗಳು ಮನಬಂದಂತೆ ಬಿದ್ದಿರುವುದಿಲ್ಲ. ಮೇಲೆ ಕೆಳಗೆ, ಹಿಂದೆ ಮುಂದೆ ಸಮನಾದ ಅಂತರಗಳಲ್ಲಿ ಸಾಲುಗೊಂಡಿರುತ್ತವೆ. ಒಂದೇ ಬಗೆಯ ಅಣುಗಳು ಎರಡು ಮೂರು ಬೇರೆ ಬೇರೆ ಕ್ರಮಗಳಲ್ಲಿ ಸಾಲುಗೊಳ್ಳುವುದೂ ಸಾಧ್ಯ. ಈ ಗುಣಕ್ಕೆ ಬಹುರೂಪತೆ ಎಂದು ಹೆಸರು. ಪೆನ್ಸಿಲಿನ ಗ್ರಾಫೈಟ್ ಮತ್ತು ವಜ್ರ ಎರಡೂ ಇಂಗಾಲವೇ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಆದರೆ ಅಲ್ಲಿ ಭೇದವು ಕಣ್ಣಿಗೇ ಕಾಣುವಂಥದು. ಔಷಧಗಳಲ್ಲಿ ಹಾಗಲ್ಲ. ಎರಡು ರೂಪಗಳೂ ಬಿಳಿಯ ಪುಡಿ, ರಾಸಾಯನಿಕ ಸೂತ್ರವೂ ಒಂದೇ. ಇದಕ್ಕೆ ತಿರುಗುಮುರುಗಾದ ಉದಾಹರಣೆಯೊಂದು ಅಡುಗೆಮನೆಯಲ್ಲಿದೆ. ಕಲ್ಲುಸಕ್ಕರೆಯೂ ಸಣ್ಣ ಸಕ್ಕರೆಯೂ ನೋಡುವುದಕ್ಕೆ ಬೇರೆ. ಒಳಗಿನ ಸಾಲುಗಳು ಮಾತ್ರ ಎರಡರಲ್ಲಿಯೂ ಒಂದೇ. ಹರಳಿನ ಗಾತ್ರ ಬೇರೆ, ಹರಳಿನ ರೂಪ ಬೇರೆ. ಇವೆರಡನ್ನೂ ಒಂದೆಂದು ತಿಳಿಯಬಾರದು.

ಸಾಲುಗಳು ಹೇಗಿದ್ದರೇನು, ಔಷಧ ಔಷಧವೇ ಅಲ್ಲವೆ ಎಂದು ಕೇಳಬಹುದು. ಇದಕ್ಕೆ ಉತ್ತರವಾಗಿ ಕ್ಲೋರಾಂಫೆನಿಕಾಲ್ ಎಂಬ ಔಷಧದ ಕಥೆಯನ್ನು ಹೇಳಬೇಕು. ೧೯೪೭ರಲ್ಲಿ ಪತ್ತೆಯಾದ ಈ ಔಷಧವು ವಿಷಮಶೀತಜ್ವರಕ್ಕೆ, ಎಂದರೆ ಟೈಫಾಯಿಡಿಗೆ, ದೊರೆತ ಮೊದಲ ಸಮರ್ಥ ಮದ್ದು. ಅದಕ್ಕಿಂತ ಮುಂಚೆ ವಾರಗಟ್ಟಲೆ ಜ್ವರದಲ್ಲಿ ಬೆಂದು, ಬದುಕುವರೋ ಇಲ್ಲವೋ ಎಂಬ ಸ್ಥಿತಿಯಲ್ಲಿರುತ್ತಿದ್ದ ರೋಗಿಗಳು ಇದರಿಂದ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳತೊಡಗಿದರು. ಆದರೆ ಮದ್ದು ಬಲು ಕಹಿ. ದೊಡ್ಡವರು ಗುಳಿಗೆಯನ್ನು ಹೇಗೋ ನುಂಗಿಯಾರು. ಮಕ್ಕಳಿಗೆ ಕುಡಿಸುವುದು ಹೇಗೆ? ಆಗ ರಸಾಯನಶಾಸ್ತ್ರಜ್ಞರು ಆ ಅಣುವಿಗೆ ಪಾಮಿಟಿಕ್ ಆಮ್ಲವನ್ನು ಜೋಡಿಸಿದರು. ಇದು ಎಣ್ಣೆ ಕೊಬ್ಬುಗಳಲ್ಲಿರುವ ಆಮ್ಲ. ಕೊಬ್ಬರಿ ಎಣ್ಣೆಯಲ್ಲಿಯೂ ಸ್ವಲ್ಪ ಉಂಟು. ಹೀಗೆ ಆದ ಕ್ಲೋರಾಂಫೆನಿಕಾಲ್ ಪಾಮಿಟೇಟಿಗೆ ಕಹಿಯೇ ಇಲ್ಲ. ಅದು ನೀರಿನಲ್ಲಿ ಕರಗದ ಕಾರಣ ಸಿಹಿಯಾದ ಪಾನಕದಲ್ಲಿ ಕದಡಿ ಕುಡಿಸಬಹುದಾಗಿತ್ತು. ಕರುಳಿನ ಜೀರ್ಣರಸ ಅದನ್ನು ಒಡೆದು, ಮೂಲ ಔಷಧವನ್ನು ಬಿಡುಗಡೆ ಮಾಡುತ್ತಿತ್ತು.

ಈ ಪಾಮಿಟೇಟಿಗೆ ಒಂದಕ್ಕಿಂತ ಹೆಚ್ಚು ಹರಳುರೂಪಗಳುಂಟು. ಅವುಗಳಲ್ಲಿ ಮುಖ್ಯವಾದ ಎರಡನ್ನು ಎ ಮತ್ತು ಬಿ ಎಂದು ಕರೆದರು. ೧೯೬೭ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ ಈ ಎರಡು ರೂಪಗಳನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ಬೆರೆಸಿ ಕುಡಿಸಿ, ರಕ್ತಕ್ಕೆ ಎಷ್ಟು ಔಷಧ ಸೇರಿತೆಂದು ಅಳೆದರು. ಬಿ ರೂಪ ಹೆಚ್ಚಿದಷ್ಟೂ ರಕ್ತದಲ್ಲಿ ಔಷಧ ಹೆಚ್ಚಿತು. ಬರಿಯ ಎ ರೂಪವನ್ನು ಕುಡಿದವರ ರಕ್ತದಲ್ಲಿ ಕಂಡುದು ತೀರ ಅಲ್ಪ. ಎ ರೂಪದಲ್ಲಿ ಅಣುಗಳು ಹೆಚ್ಚು ಬಿಗಿಯಾಗಿ ಕೂಡಿಕೊಂಡಿದ್ದು, ಜೀರ್ಣರಸಕ್ಕೆ ಬೇಗ ಜಗ್ಗದಿರುವುದೇ ಇದಕ್ಕೆ ಕಾರಣ. ಎರಡು ಸೀಸೆಗಳು, ಎರಡರಲ್ಲಿಯೂ ಒಂದೇ ತೂಕದ, ಒಂದೇ ಹೆಸರಿನ, ಒಂದೇ ಬಣ್ಣದ ಮದ್ದು. ಒಂದು ಸೀಸೆಯಿಂದ ಕುಡಿದ ಮಗುವಿನ ಜ್ವರ ಇಳಿಯುತ್ತದೆ; ಇನ್ನೊಂದರಿಂದ ಕುಡಿದ ಮಗುವಿಗೆ ಮದ್ದು ಕುಡಿಸಿಯೂ ಕುಡಿಸದಂತೆಯೇ. ತಾಯಿಗಾಗಲಿ ವೈದ್ಯರಿಗಾಗಲಿ ಇದು ತಿಳಿಯುವ ಬಗೆ ಇಲ್ಲ. ಮುಂದೆ ಔಷಧಗಳ ಗುಣಮಟ್ಟವನ್ನು ಗೊತ್ತುಮಾಡುವ ಫಾರ್ಮಕೋಪಿಯ ಗ್ರಂಥಗಳು, ಎ ರೂಪ ಇಂತಿಷ್ಟಕ್ಕಿಂತ ಹೆಚ್ಚಿರಬಾರದೆಂದು ಮಿತಿ ಹಾಕಿದುವು.

ಸಾಮಾನ್ಯವಾದ ರಾಸಾಯನಿಕ ಪರೀಕ್ಷೆ ಇಲ್ಲಿ ನೆರವಾಗುವುದಿಲ್ಲ. ಆ ಪರೀಕ್ಷೆಗೆ ಪುಡಿಯನ್ನು ಮೊದಲು ಕರಗಿಸಬೇಕು. ಕರಗಿಸಿದೊಡನೆ ಸಾಲುಗಳು ಚದುರಿಹೋಗುತ್ತವೆ. ತೋಟದ ಮರಗಳನ್ನೆಲ್ಲ ಕಡಿದು ರಾಶಿ ಹಾಕಿ ಎಣಿಸಿದರೆ ಎಷ್ಟು ಮರಗಳಿದ್ದುವೆಂದು ತಿಳಿದೀತು. ಅವು ಚೌಕದಲ್ಲಿದ್ದುವೋ ತ್ರಿಕೋನದಲ್ಲಿದ್ದುವೋ ತಿಳಿಯುವುದುಂಟೆ? ಬೇಕಾದುದು ಪುಡಿಯನ್ನು ಕೆಡಿಸದೆ ಅದರ ಒಳಗನ್ನು ಅರಿಯುವ ಉಪಾಯ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರೈತರಿಗೆ ಇಂಥ ಉಪಾಯ ಹೊಸದಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂಡಿಟ್ಟ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಒಳಗೆ ಗಡಗಡ ಸದ್ದಾದರೆ ಕೊಬ್ಬರಿ ಚಿಪ್ಪನ್ನು ಬಿಟ್ಟಿತೆಂದು ಅವರು ಒಡೆಯದೆಯೇ ಹೇಳಬಲ್ಲರು. ಹರಳಿನ ವಿಷಯದಲ್ಲಿ ಆ ಕೆಲಸಕ್ಕೆ ಒದಗಿದ್ದು ಕ್ಷ-ಕಿರಣ.

ರಾಂಟ್‌ಗೆನ್ ೧೮೯೫ರಲ್ಲಿ ಕಂಡುಹಿಡಿದ ಈ ಕಿರಣಗಳು ಎಂಥವೆಂಬ ವಿಷಯದಲ್ಲಿ ಹದಿನೇಳು ವರ್ಷ ಕಾಲ ಚರ್ಚೆ ನಡೆದಿತ್ತು. ಅವು ಬೆಳಕಿನಂತೆಯೇ ಅಲೆಗಳಾಗಿದ್ದು, ಅಲೆಯ ಉದ್ದ ಮಾತ್ರ ಅತಿ ಕಿರಿದಾಗಿರಬಹುದೇ? ಹಾಗಿದ್ದರೆ ಹರಳಿನೊಳಗಿನ ಪರಮಾಣುಗಳ ಅಂತರಕ್ಕೆ ಅದು ಸರಿಹೊಂದಬೇಕೆಂದು ಜರ್ಮನಿಯ ಮ್ಯೂನಿಕ್ ನಗರದ ಮ್ಯಾಕ್ಸ್ ಫಾನ್ ಲೌವೆ ಊಹಿಸಿದನು. ೧೯೧೨ರಲ್ಲಿ ಆತನ ಸಂಗಡಿಗರಾದ ಫ್ರೀಡ್ರಿಕ್ ಮತ್ತು ಕ್ನಿಪಿಂಗ್ ಹರಳೊಂದರ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿದಾಗ, ಹಿಂದಿಟ್ಟಿದ್ದ ಛಾಯಾಫಲಕದ ಮೇಲೆ ಚುಕ್ಕಿಗಳು ಮೂಡಿದುವು. ಅವರು ಮೊದಲು ಬಳಸಿದ ಹರಳು ಮೈಲುತುತ್ತ. ತೋಟಗಾರರು ಸುಣ್ಣದೊಡನೆ ಬೆರೆಸಿ ಬೋರ್ಡೋ ದ್ರಾವಣವನ್ನು ಮಾಡುವ ಅದೇ ನೀಲಿ ವಸ್ತು. ಕಿರಣಗಳು ಹೀಗೆ ನಿಶ್ಚಿತವಾದ ದಿಕ್ಕುಗಳಿಗೆ ಚದುರುವುದಕ್ಕೆ ವಿವರ್ತನೆ ಎನ್ನುತ್ತಾರೆ.

ಚುಕ್ಕಿಗಳ ಅರ್ಥವನ್ನು ಸರಳವಾಗಿ ಬಿಡಿಸಿದವನು ಇಂಗ್ಲೆಂಡಿನ ಲಾರೆನ್ಸ್ ಬ್ರ್ಯಾಗ್. ಆಗ ಆತನಿಗೆ ಇಪ್ಪತ್ತೆರಡು ವರ್ಷ. ಹರಳಿನ ಒಂದೊಂದು ಸಾಲೂ ಕನ್ನಡಿಯಂತೆ ಕಿರಣವನ್ನು ಕೊಂಚ ಕೊಂಚ ಹಿಂದಿರುಗಿಸುತ್ತದೆಂದು ಭಾವಿಸಬೇಕು. ಎರಡನೆಯ ಸಾಲಿನಿಂದ ಬರುವ ಅಲೆಯು ಮೊದಲನೆಯದಕ್ಕಿಂತ ಸ್ವಲ್ಪ ಹೆಚ್ಚು ದೂರ ಸಾಗಬೇಕಾಗುತ್ತದೆ. ಆ ಹೆಚ್ಚಿನ ದೂರವು ಅಲೆಯ ಒಂದು ಪೂರ್ತಿ ಉದ್ದಕ್ಕೆ ಸಮನಾದರೆ, ಕೆರೆಯಲ್ಲಿ ಎರಡು ಅಲೆಗಳ ಉಬ್ಬುಗಳು ಒಂದರ ಮೇಲೊಂದು ಕೂಡಿದಂತೆ ಕಿರಣ ಬಲಗೊಳ್ಳುತ್ತದೆ. ಸಮನಾಗದಿದ್ದರೆ ಸಾವಿರಾರು ಸಾಲುಗಳ ಅಲೆಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಕೋನ ಬದಲಾದಂತೆ ಈ ದೂರವೂ ಬದಲಾಗುವುದರಿಂದ, ಕೆಲವೇ ನಿಶ್ಚಿತ ಕೋನಗಳಲ್ಲಿ ಮಾತ್ರ ಕಿರಣ ಹೊಳೆಯುತ್ತದೆ. ಸಾಲುಗಳ ನಡುವಣ ಅಂತರ ಕಿರಿದಾದಷ್ಟೂ ಕೋನ ಹಿರಿದು. ತೆಂಗಿನ ತೋಟದ ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಅಲ್ಲಿ ಅಲೆಗಳು ಕೂಡುವುದೂ ಇಲ್ಲ, ಅಳಿಯುವುದೂ ಇಲ್ಲ. ಆದರೆ ಕೋನದಿಂದ ಕ್ರಮವನ್ನು ಅರಿಯುವ ತತ್ತ್ವ ಎರಡಕ್ಕೂ ಸಾಮಾನ್ಯ. ಈ ಕಾರ್ಯಕ್ಕಾಗಿ ಲಾರೆನ್ಸ್ ಬ್ರ್ಯಾಗ್ ಮತ್ತು ಆತನ ತಂದೆ ವಿಲಿಯಂ ಬ್ರ್ಯಾಗ್ ೧೯೧೫ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಲೆಕ್ಕದ ಒಂದು ಉದಾಹರಣೆ ಸಾಕು. ಪರೀಕ್ಷಾಲಯಗಳಲ್ಲಿ ತಾಮ್ರದಿಂದ ಹೊರಡಿಸುವ ಕ್ಷ-ಕಿರಣದ ತರಂಗದೂರ ೧.೫೪ ಆಂಗ್‌ಸ್ಟ್ರಾಂ. ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗಕ್ಕೆ ಒಂದು ಆಂಗ್‌ಸ್ಟ್ರಾಂ ಎಂದು ಹೆಸರು. ಈ ಕಿರಣವನ್ನು ಅಡುಗೆ ಉಪ್ಪಿನ ಮೇಲೆ ಬಿಟ್ಟರೆ, ಅದು ತನ್ನ ನೇರ ದಾರಿಯಿಂದ ೩೧.೭ ಡಿಗ್ರಿ ತಿರುಗಿದೆಡೆಯಲ್ಲಿ ಅತ್ಯಂತ ಪ್ರಬಲವಾಗಿ ಕಾಣುತ್ತದೆ. ಬ್ರ್ಯಾಗನ ಸೂತ್ರದಂತೆ ಲೆಕ್ಕ ಹಾಕಿದರೆ ಆ ಸಾಲುಗಳ ಅಂತರ ೨.೮೨ ಆಂಗ್‌ಸ್ಟ್ರಾಂ ಎಂದು ಸಿಗುತ್ತದೆ. ಯಾವ ಅಳತೆಗೋಲೂ ತಲಪದ ದೂರವನ್ನು ಹೀಗೆ ಕೋನಮಾಪಕವೊಂದು ಅಳೆದುಕೊಡುತ್ತದೆ.

ಲೌವೆ ಮತ್ತು ಬ್ರ್ಯಾಗರು ಬಳಸಿದ್ದು ಒಂಟಿ ಹರಳುಗಳನ್ನು. ಔಷಧದ ಕಾರ್ಖಾನೆಯಲ್ಲಿ ತಯಾರಾಗುವುದು ಪುಡಿ. ಒಂದು ಚಿಟಿಕೆಯಲ್ಲಿಯೇ ಕೋಟ್ಯಂತರ ಕಿರುಹರಳುಗಳು ಎತ್ತೆತ್ತಲೋ ಮುಖ ಮಾಡಿಕೊಂಡಿರುತ್ತವೆ. ಇದನ್ನು ತೊಡಕೆಂದು ತಿಳಿಯುವುದು ಸಹಜ. ಆದರೆ ೧೯೧೬ರಲ್ಲಿ ಗಾಟಿಂಗೆನ್ನಿನಲ್ಲಿ ಡಿಬೈ ಮತ್ತು ಷೆರರ್, ಮರುವರ್ಷ ಅವರ ಅರಿವಿಲ್ಲದೆಯೇ ಅಮೆರಿಕದಲ್ಲಿ ಆಲ್ಬರ್ಟ್ ಹಲ್, ಈ ತೊಡಕನ್ನೇ ಅನುಕೂಲವನ್ನಾಗಿ ಮಾಡಿಕೊಂಡರು. ಲೆಕ್ಕವಿಲ್ಲದಷ್ಟು ಪುಟ್ಟ ತೋಟಗಳನ್ನು ಒಂದೇ ಕ್ರಮದಲ್ಲಿ ನೆಟ್ಟು, ಒಂದೊಂದನ್ನೂ ಒಂದೊಂದು ದಿಕ್ಕಿಗೆ ತಿರುಗಿಸಿಟ್ಟಂತೆ ಊಹಿಸಿಕೊಳ್ಳಬೇಕು. ನೋಡುವವನು ಕದಲದೆ ನಿಂತಿದ್ದರೂ, ಅವನ ಎದುರಿಗೆ ಓಣಿ ತೆರೆದಿರುವ ತೋಟ ಎಷ್ಟೋ ಇದ್ದೇ ಇರುತ್ತವೆ. ಆದುದರಿಂದ ಪುಡಿಯಲ್ಲಿ ಸಾಧ್ಯವಾದ ಕೋನಗಳೆಲ್ಲ ಒಟ್ಟಿಗೆ ಹೊಳೆಯುತ್ತವೆ. ಕಾಗದದ ಮೇಲೆ ಕೋನವನ್ನು ಅಡ್ಡಕ್ಕೂ ಕಿರಣದ ಬಲವನ್ನು ನಿಲುವಿಗೂ ಗುರುತಿಸಿದರೆ, ಎತ್ತರ ತಗ್ಗಿನ ಶಿಖರಗಳ ಒಂದು ಸಾಲು ಮೂಡುತ್ತದೆ. ಅದೇ ಆ ಪುಡಿಯ ವಿವರ್ತನ ನಕ್ಷೆ. ಮನುಷ್ಯನ ಬೆರಳಚ್ಚಿನಂತೆ ಅದು ಆ ಹರಳುರೂಪದ ಗುರುತು. ೧೯೩೮ರಲ್ಲಿ ಅಮೆರಿಕದ ಡೌ ರಾಸಾಯನಿಕ ಕಾರ್ಖಾನೆಯ ಹ್ಯಾನವಾಲ್ಟ್ ಮತ್ತು ಆತನ ಇಬ್ಬರು ಸಹೋದ್ಯೋಗಿಗಳು ಒಂದು ಸಾವಿರ ವಸ್ತುಗಳ ಇಂಥ ಗುರುತುಗಳನ್ನು ಪಟ್ಟಿಮಾಡಿದರು. ಪ್ರಬಲವಾದ ಮೂರು ರೇಖೆಗಳನ್ನು ಹಿಡಿದು ವಸ್ತುವನ್ನು ಹುಡುಕುವ ಅವರ ಉಪಾಯ, ನಿಘಂಟಿನಲ್ಲಿ ಮೊದಲ ಅಕ್ಷರಗಳಿಂದ ಪದವನ್ನು ಹುಡುಕುವಂತೆಯೇ ಇದೆ.

ಪರೀಕ್ಷೆ ನೋಡುವುದಕ್ಕೆ ಸುಲಭ. ಪುಡಿಯನ್ನು ನಯವಾಗಿ ಅರೆದು, ತಟ್ಟೆಯ ಆಳವಿಲ್ಲದ ಗುಳಿಯಲ್ಲಿ ತುಂಬಿ, ಗಾಜಿನ ಬಿಲ್ಲೆಯಿಂದ ಮಟ್ಟಮಾಡಿ ಯಂತ್ರದಲ್ಲಿಡುತ್ತಾರೆ. ಕಿರಣವನ್ನು ಗ್ರಹಿಸುವ ಭಾಗವು ಕಮಾನಿನ ದಾರಿಯಲ್ಲಿ ಮೆಲ್ಲಗೆ ಸರಿಯುತ್ತ ಒಂದೊಂದು ಕೋನದಲ್ಲಿಯೂ ಎಣಿಕೆ ಮಾಡುತ್ತದೆ. ಆದರೆ ಅಜಾಗರೂಕತೆಗೆ ಇಲ್ಲಿ ಬೇಕಾದಷ್ಟು ಎಡೆಯುಂಟು. ತೆಂಗಿನ ಗರಿಯ ಹಂಚಿಕಡ್ಡಿಗಳನ್ನು ನೆಲಕ್ಕೆ ಚೆಲ್ಲಿದರೆ ಒಂದಾದರೂ ನೆಟ್ಟಗೆ ನಿಲ್ಲುವುದೆ? ಸೂಜಿಯಂಥ ಹರಳುಗಳೂ ಹಾಗೆಯೇ. ಗಾಜಿನಿಂದ ಒತ್ತಿದರೆ ಎಲ್ಲವೂ ಮಲಗಿಬಿಡುತ್ತವೆ. ಆಗ ಕೆಲವು ಶಿಖರಗಳು ಅತಿಯಾಗಿ ಎತ್ತರವಾಗುತ್ತವೆ, ಕೆಲವು ಕಾಣದೆಯೇ ಹೋಗುತ್ತವೆ. ಬಲ್ಲವರು ಶಿಖರದ ಎತ್ತರಕ್ಕಿಂತ ಅದು ನಿಂತ ಸ್ಥಾನವನ್ನು ಹೆಚ್ಚು ನಂಬುವುದು ಈ ಕಾರಣದಿಂದ. ಸೂಜಿಗಳನ್ನು ಮುರಿಯಬೇಕೆಂದು ಬಲವಾಗಿ ಅರೆದರೆ ಬೇರೊಂದು ಅಪಾಯ. ಅರೆಯುವ ಬಿಸಿಗೂ ಒತ್ತಡಕ್ಕೂ ಕೆಲವು ಔಷಧಗಳು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗುತ್ತವೆ. ಪರೀಕ್ಷೆಯೇ ಪುಡಿಯನ್ನು ಬದಲಿಸಿಬಿಡುತ್ತದೆ. ಇನ್ನು ಸಾಲುಗಳೇ ಇಲ್ಲದ ಅಸ್ಫಟಿಕ ಪುಡಿಗಳೂ ಉಂಟು. ಬೇಗ ಆರಿ ಗಾಜಿನಂತಾದ ಸಕ್ಕರೆಯ ಪಾಕ ಇಂಥದು. ಇವುಗಳ ನಕ್ಷೆಯಲ್ಲಿ ಚೂಪಾದ ಶಿಖರಗಳ ಬದಲು ಅಗಲವಾದ ಒಂದು ದಿಬ್ಬ ಮಾತ್ರ ಕಾಣುತ್ತದೆ. ಬೇಡವಾದ ರೂಪ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಬೆರೆತಿದ್ದರೆ ಅದನ್ನು ಹಿಡಿಯುವುದು ನುರಿತವರಿಗೂ ಸುಲಭವಲ್ಲ.

ಹರಳಿನ ಒಳಗನ್ನು ಅರಿಯುವ ಈ ವಿದ್ಯೆ ಕರ್ನಾಟಕದಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಸರ್ ಸಿ. ವಿ. ರಾಮನ್ ೧೯೩೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ ಹರಳುಗಳ ಅಧ್ಯಯನ ಅಲ್ಲಿ ಬೇರೂರಿತು. ಅವರ ಶಿಷ್ಯರಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಎಸ್. ರಾಮಶೇಷನ್ ಈ ಕ್ಷೇತ್ರದಲ್ಲಿ ಹೆಸರಾದರು. ಇದೇ ಸಂಸ್ಥೆಯಲ್ಲಿ ಕಲಿತ ಎಂ. ವಿಜಯನ್, ಪೆನಿಸಿಲಿನ್ನಿನ ರಚನೆಯನ್ನು ಬಿಡಿಸಿದ ಡೊರೊತಿ ಹಾಡ್ಜ್‌ಕಿನ್ ಅವರ ಆಕ್ಸ್‌ಫರ್ಡ್ ತಂಡವನ್ನು ಸೇರಿ, ೧೯೬೯ರಲ್ಲಿ ಇನ್ಸುಲಿನ್ ಅಣುವಿನ ರಚನೆಯನ್ನು ಕಂಡುಕೊಳ್ಳುವ ಕೆಲಸದಲ್ಲಿ ಪಾಲುಗೊಂಡರು. ೨೦೦೯ರಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬಂದ ಗೌತಮ ದೇಸಿರಾಜು ಅವರದು ಔಷಧಗಳ ಹರಳುಗಳಲ್ಲಿ ಬಹಳ ಪರಿಶ್ರಮ. ೧೮೯೯ರಿಂದ ಮಾರಾಟದಲ್ಲಿರುವ ಆಸ್ಪಿರಿನ್ನಿಗೆ ಎರಡನೆಯ ರೂಪವಿದೆಯೆಂದು ತಿಳಿದುದು ೨೦೦೫ರಲ್ಲಿ. ಒಂದೇ ಹರಳಿನೊಳಗೆ ಎರಡು ರೂಪಗಳೂ ಬೆಸೆದುಕೊಂಡಿರಬಲ್ಲವೆಂದು ೨೦೦೭ರಲ್ಲಿ ತೋರಿಸಿದವರಲ್ಲಿ ದೇಸಿರಾಜು ಒಬ್ಬರು. ನೂರು ವರ್ಷ ಜನ ನುಂಗಿದ ಗುಳಿಗೆಯೂ ತನ್ನ ಗುಟ್ಟನ್ನು ಅಷ್ಟು ಕಾಲ ಬಿಟ್ಟುಕೊಟ್ಟಿರಲಿಲ್ಲ.

ಆಸ್ಪಿರಿನ್ನಿನ ಎರಡನೆಯ ರೂಪದಿಂದ ಯಾರಿಗೂ ಕೇಡಾಗಲಿಲ್ಲ. ರಿಟೊನವಿರ್ ಎಂಬ ಔಷಧದಲ್ಲಿ ಹಾಗಾಗಲಿಲ್ಲ. ಏಡ್ಸ್ ರೋಗಕ್ಕೆ ಕೊಡುವ ಈ ಮದ್ದನ್ನು ಅಮೆರಿಕದ ಅಬಟ್ ಕಂಪನಿ ೧೯೯೬ರಲ್ಲಿ ಮಾರುಕಟ್ಟೆಗೆ ತಂದಿತು. ಆಗ ತಿಳಿದಿದ್ದುದು ಅದರ ಒಂದೇ ಹರಳುರೂಪ. ೧೯೯೮ರಲ್ಲಿ ಕೆಲವು ಕ್ಯಾಪ್ಸೂಲುಗಳು ಕರಗುವ ಪರೀಕ್ಷೆಯಲ್ಲಿ ಸೋತುವು. ಅವುಗಳನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿಯೂ ಕ್ಷ-ಕಿರಣದಲ್ಲಿಯೂ ನೋಡಿದಾಗ ಅದುವರೆಗೆ ಯಾರೂ ಕಂಡಿರದ, ತೀರ ಕಡಿಮೆ ಕರಗುವ ಎರಡನೆಯ ರೂಪ ಗೋಚರವಾಯಿತು. ಒಂದು ಹನಿ ಹೆಪ್ಪು ಹಾಲನ್ನೆಲ್ಲ ಮೊಸರು ಮಾಡುವಂತೆ, ಈ ರೂಪದ ಕಣ್ಣಿಗೆ ಕಾಣದ ಕಣವೂ ಉಳಿದುದನ್ನು ತನ್ನಂತೆ ಮಾಡಿಕೊಳ್ಳಬಲ್ಲುದಾಗಿತ್ತು. ಅದರ ನಡುವೆ ಕೆಲಸ ಮಾಡಿದ್ದ ವಿಜ್ಞಾನಿಗಳು ಇಟಲಿಯ ಕಾರ್ಖಾನೆಗೆ ಹೋಗಿಬಂದ ಮೇಲೆ, ಆವರೆಗೆ ಶುದ್ಧವಾಗಿದ್ದ ಅಲ್ಲಿಯ ಸರಕಿನಲ್ಲಿಯೂ ಅದು ತಲೆದೋರಿತು. ಕ್ಯಾಪ್ಸೂಲು ಮಾರುಕಟ್ಟೆಯಿಂದ ಮರೆಯಾಯಿತು. ಹೊಸ ಬಗೆಯ ಕ್ಯಾಪ್ಸೂಲು ಬರುವವರೆಗೆ ರೋಗಿಗಳು ಬಾಯಿಗೆ ಹಿಡಿಸದ ದ್ರವರೂಪದ ಮದ್ದನ್ನೇ ಕುಡಿಯಬೇಕಾಯಿತು. ಅಂದಿನಿಂದ ಔಷಧ ಕಂಪನಿಗಳು, ಮದ್ದು ಹೊರಬೀಳುವ ಮೊದಲೇ ಅದರ ಸಾಧ್ಯವಾದ ರೂಪಗಳನ್ನೆಲ್ಲ ಹುಡುಕಿ ನಕ್ಷೆ ತೆಗೆದಿಡುವುದಕ್ಕೆ ಹೆಚ್ಚಿನ ಗಮನ ಕೊಡತೊಡಗಿದುವು.

ಈ ನಕ್ಷೆಗಳು ಒಮ್ಮೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದುವು. ಇಮಾಟಿನಿಬ್ ಎಂಬುದು ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಮದ್ದು. ಅದರ ಮೆಸಿಲೇಟ್ ಲವಣದ ಬೀಟಾ ಎಂಬ ಹರಳುರೂಪಕ್ಕೆ ಭಾರತದಲ್ಲಿ ಪೇಟೆಂಟ್ ಬೇಕೆಂದು ಸ್ವಿಟ್ಜರ್‌ಲೆಂಡಿನ ನೊವಾರ್ಟಿಸ್ ಕಂಪನಿ ೧೯೯೮ರಲ್ಲಿ ಚೆನ್ನೈ ಕಚೇರಿಗೆ ಅರ್ಜಿ ಹಾಕಿತು. ಪೇಟೆಂಟ್ ಸಿಕ್ಕಿದರೆ ಬೇರೆಯವರು ಅದನ್ನು ತಯಾರಿಸುವಂತಿಲ್ಲ. ಆ ವ್ಯಾಜ್ಯದ ಕಾಲದಲ್ಲಿ ಕಂಪನಿಯ ಮದ್ದಿಗೆ ತಿಂಗಳಿಗೆ ಸುಮಾರು ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿ ಆಗುತ್ತಿತ್ತು. ಭಾರತದ ಕಂಪನಿಗಳದಕ್ಕೆ ಸುಮಾರು ಎಂಟರಿಂದ ಹತ್ತು ಸಾವಿರ ಆಗುತ್ತಿತ್ತು. ಬೀಟಾ ಒಂದು ಪ್ರತ್ಯೇಕ ರೂಪವೆಂಬುದನ್ನು ಕ್ಷ-ಕಿರಣದ ನಕ್ಷೆ ತೋರಿಸಬಲ್ಲುದು. ಅದು ಹೆಚ್ಚು ಸ್ಥಿರ, ತೇವವನ್ನು ಕಡಿಮೆ ಹೀರುತ್ತದೆ, ಪುಡಿ ಸರಾಗವಾಗಿ ಹರಿಯುತ್ತದೆ ಎಂಬುದು ಕಂಪನಿಯ ವಾದ. ೨೦೦೫ರಲ್ಲಿ ತಿದ್ದುಪಡಿಯಾದ ಭಾರತದ ಕಾನೂನು ಕೇಳುವ ಪ್ರಶ್ನೆಯೇ ಬೇರೆ: ಹೊಸ ರೂಪದಿಂದ ರೋಗ ಗುಣವಾಗುವುದು ಹೆಚ್ಚುವುದೇ? ಇದಕ್ಕೆ ಉತ್ತರ ಹೇಳುವ ಶಕ್ತಿ ಯಾವ ವಿವರ್ತನ ನಕ್ಷೆಗೂ ಇಲ್ಲ. ಕಂಪನಿ ಹೇಳಿದ ಗುಣಗಳಿಗೂ ರೋಗ ವಾಸಿಯಾಗುವುದಕ್ಕೂ ಸಂಬಂಧವಿಲ್ಲವೆಂದು ೨೦೧೩ರ ಏಪ್ರಿಲ್ ೧ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಪೇಟೆಂಟ್ ದೊರೆಯಲಿಲ್ಲ; ಭಾರತದ ಕಂಪನಿಗಳ ಇಮಾಟಿನಿಬ್ ಗುಳಿಗೆಗಳ ಮಾರಾಟ ಮುಂದುವರಿಯಿತು.